ಹುಳಿ ಹಿಂಡಬೇಡಿ ಸ್ವಾಮಿ!

ಬೆಂಗಳೂರಿನ ಬಿನ್ನಿಪೇಟೆಯಲ್ಲಿ 1884ರಲ್ಲಿ ಶುರುವಾದ ಬಟ್ಟೆ ಗಿರಣಿಯ ಜಾಗದಲ್ಲಿ ಈಗ ಮುಗಿಲೆತ್ತರದ ಅಪಾರ್ಟ್‌ಮೆಂಟುಗಳು. ಅಂಥದೊಂದು ಮನೆಯ ಹಾಲಿನಲ್ಲಿ, ಟಿವಿ ಪಕ್ಕದ ಎರಡಡಿ ಗಾಜಿನ ತೊಟ್ಟಿಯ ಹಿರಿಯ ನಿವಾಸಿ ಸಕ್ಕರ್ ಮೀನು. ಮೂಲ ದಕ್ಷಿಣ ಅಮೆರಿಕ. ಬಾಯಿ ಸದಾ ಗಾಜಿಗೆ ಅಂಟಿರುವುದರಿಂದ ಮಾತಿಗೆ ಸಿಗುವುದು ಕಷ್ಟ. ಅವತ್ತು ಕರೆಂಟ್ ಹೋಗಿ ಫಿಲ್ಟರ್ ನಿಂತಿತ್ತು, ಸಿಕ್ಕಿತು.

ತಮ್ಮ ಹುದ್ದೆ?

‘ಟ್ಯಾಂಕ್ ಕ್ಲೀನರ್’ ಅಂತ ಹೇಳಿ ಮಾರಿದರು. ಕೆಲಸ ಕಾಯಂ, ಸಂಬಳ ಇಲ್ಲ. ಪಾಚಿ ತಿಂತೀನಿ, ನಿಜ. ತಿಂದದ್ದು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಯಜಮಾನರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ತೊಟ್ಟೀಲಿ ಎಲ್ಲರಿಗಿಂತ ಹೆಚ್ಚು ಹೊಲಸು ಮಾಡೋನು ನಾನೇ.

ಯಜಮಾನರಿಗೆ ಪಿಎಚ್ ಬಗ್ಗೆ ಬಹಳ ಕಾಳಜಿಯಂತೆ?

ಅದೇ ನಮ್ಮ ಗ್ರಹಚಾರ. 1909ರಲ್ಲಿ ಕೋಪನ್‌ಹೇಗನ್ನಿನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್‌ಸನ್ ಅನ್ನೋರು ಹುಳಿ ಎಷ್ಟು ಅಂತ ಹೇಳೋ ಈ ಅಳತೆ ತಂದರು. ಅದೀಗ ಇವರ ಕೈಗೆ ಸಿಕ್ಕಿದೆ. ಬೆಳಿಗ್ಗೆ ಅಳೀತಾರೆ, ಸಂಜೆ ಅಳೀತಾರೆ, ಅಂಕಿ ಬೇರೆ ಬೇರೆ ಬಂದರೆ ನಮ್ಮನ್ನ ಗುರಾಯಿಸ್ತಾರೆ. ರಾತ್ರಿಯೆಲ್ಲ ನಾವೂ ಗಿಡಗಳೂ ಉಸಿರು ಬಿಟ್ಟು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರ್ತೀವಿ, ಬೆಳಿಗ್ಗೆ ಪಿಎಚ್ ತಗ್ಗಿರುತ್ತೆ. ಹಗಲು ಗಿಡ, ಪಾಚಿ ಅದನ್ನ ಹೀರಿಕೊಳ್ತಾವೆ, ಸಂಜೆಗೆ ಏರುತ್ತೆ. ಇದರಲ್ಲಿ ನಮ್ಮ ಪಿತೂರಿ ಏನಿಲ್ಲ.

ಏರಿದಾಗ ಏನು ಮಾಡುತ್ತಾರೆ?

ನಿಂಬೆಹಣ್ಣು ಹಿಂಡ್ತಾರೆ! ಒಂದ್ಸಲ ವಿನೆಗರ್ ಕೂಡ ಬಂತು. ಬೋರ್ ನೀರಿನಲ್ಲಿ ಕರಗಿರೋ ಬೈಕಾರ್ಬೊನೇಟು ಆ ಹುಳೀನ ನುಂಗಿಹಾಕುತ್ತೆ, ಪಿಎಚ್ ಮತ್ತೆ ಹಳೇ ಜಾಗಕ್ಕೇ ಬರುತ್ತೆ. ಇವರು ಇನ್ನೊಂದು ಹಣ್ಣು ಕೊಯ್ತಾರೆ. ಹೀಗೇ ಹಿಂಡ್ತಾ ಹಿಂಡ್ತಾ ಬೈಕಾರ್ಬೊನೇಟು ಖಾಲಿಯಾದ ದಿನ ತಡೆಯೋರು ಯಾರೂ ಇರಲ್ಲ, ಪಿಎಚ್ ಧೊಪ್ಪಂತ ಕುಸಿಯುತ್ತೆ. ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು, ಸ್ವಾಮಿ. ಗಪ್ಪಿಗಳು 8ರಲ್ಲೂ ಮರಿ ಹಾಕಿಕೊಂಡು ಸಂಸಾರ ಮಾಡ್ತಾವೆ. ಏಳೂವರೆಯಲ್ಲಿ ನಿಂತಿದೆಯಾ, ನಿಲ್ಲಲಿ ಬಿಡಿ. ನಮಗೆ ಬೇಕಾದ್ದು ಪುಸ್ತಕದ ಅಂಕಿ ಅಲ್ಲ, ದಿನಾ ಬದಲಾಗದ ಅಂಕಿ.

ಹಾಗಾದರೆ ನೀರಿನದು ಏನೂ ತಪ್ಪಿಲ್ಲ?

ಹಾಗೂ ಹೇಳೋಕಾಗಲ್ಲ. ಕಾವೇರಮ್ಮ ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಮಾಡಿಸಿಕೊಂಡು, ಕ್ಲೋರಿನ್ ಹಾಕಿಸಿಕೊಂಡು ಬರ್ತಾಳೆ. ಇಲ್ಲಿ ಸಂಪಿಗೆ ಇಳಿದರೆ ಅಲ್ಲಿ ಗಡಸು ಬೋರ್ ನೀರು ಕಾದಿರುತ್ತೆ. ಬೇಸಿಗೆ ಬಂದರೆ ಯಾವ ಊರಿನದೋ ಟ್ಯಾಂಕರ್ ಬೇರೆ. 2024ರ ಬೇಸಿಗೇಲಿ ನೀರಿಗೆ ಬಂದ ಬರಾನ ಬೆಂಗಳೂರಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಈ ವಾರ ಸಂಪಿನಲ್ಲಿ ಯಾವ ನೀರು ಅನ್ನೋದು ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿಗಿಂತ ಮೊದಲು ನನ್ನ ಕಿವಿರಿಗೆ ಗೊತ್ತಾಗುತ್ತೆ. ಅದಕ್ಕೇ ಹೇಳೋದು, ನೀರು ಬದಲಾಯಿಸಿದರೆ ಕಾಲುಭಾಗ ಸಾಕು. ಕ್ಲೋರಿನ್ ಹೋಗೋಕೆ ಔಷಧಿ ಹಾಕಿ, ಬಕೆಟ್ಟಿನಲ್ಲಿ ಒಂದು ದಿನ ಇಡಿ. ಈಗಷ್ಟೇ ಮೇಲೆತ್ತಿದ ಬೋರ್ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿರುತ್ತೆ, ನಿಂತ ಮೇಲೆ ಅದು ಹೊರಗೆ ಹೋಗಿ ಪಿಎಚ್ ಏರುತ್ತೆ. ಅಳೆಯೋದಾದರೆ ಆಮೇಲೆ ಅಳೀರಿ.

ಹೊಸ ಮೀನು ಬಂದಾಗ ಸ್ವಾಗತ ಹೇಗಿರುತ್ತದೆ?

ಗಾಜು ಬಡಿಯೋ ಮಕ್ಕಳು, ಲೈಟು, ವಿಡಿಯೋ. ಬಂದವರು ಕವರಿನಿಂದ ನೇರ ತೊಟ್ಟಿಗೆ ಧುಮುಕಬೇಕು. ಮೊದಲು ಲೈಟು ಆರಿಸಿ ಸ್ವಾಮಿ. ಬಾಯಿ ಕಟ್ಟಿದ ಕವರನ್ನ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ, ಬಿಸಿ ತಂಪು ಸರಿಹೋಗಲಿ. ಪಕ್ಕದ ಬೀದಿ ಅಂಗಡಿಯಿಂದ ಬಂದವರಾದರೆ ಐದೈದು ನಿಮಿಷಕ್ಕೆ ಒಂದೊಂದು ಲೋಟ ತೊಟ್ಟಿ ನೀರು ಕವರಿಗೆ ಸೇರಿಸಿ. ಅರ್ಧ ಗಂಟೆ ಆದಮೇಲೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಒಳಗೆ ಬಿಡಿ. ಕವರಿನ ನೀರು ಚರಂಡಿಗೆ.

ಚೆನ್ನೈನ ಕೊಳತ್ತೂರಿನ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮೀನಿನ ಕಥೆ ಬೇರೆ. ಆ ಕವರಿನಲ್ಲಿ ಅದರದೇ ಅಮೋನಿಯ ತುಂಬಿರುತ್ತೆ. ಉಸಿರಾಡಿದ ಗಾಳಿಯೂ ಅಲ್ಲೇ ಸೇರಿ ಪಿಎಚ್ ತಗ್ಗಿರೋದರಿಂದ ಆ ಅಮೋನಿಯ ಅಷ್ಟು ಕಚ್ಚಲ್ಲ. ಕವರ್ ಬಿಚ್ಚಿದಿರೋ, ಗಾಳಿ ಹೊರಗೆ ಹೋಯ್ತು, ಪಿಎಚ್ ಏರಿತು. ಒಂದಂಕಿ ಏರಿದರೆ ವಿಷದ ಪಾಲು ಹೆಚ್ಚುಕಮ್ಮಿ ಹತ್ತು ಪಟ್ಟು. ಅಂಥವರಿಗೆ ಗಂಟೆಗಟ್ಟಲೆ ಹನಿ ಹನಿ ಉಪಚಾರ ಮಾಡಿದರೆ ಅದೇ ವಿಷದಲ್ಲಿ ಕೂರಿಸಿದ ಹಾಗೆ. ಬಿಸಿ ತಂಪು ಸರಿಹೋದ ಕೂಡಲೇ ಕವರ್ ಬಿಚ್ಚಿ, ತಡಮಾಡದೆ ತೊಟ್ಟಿಗೆ ಬಿಡಿ.

ಸತ್ತರೆ?

ಕಮೋಡಿಗೆ ಹಾಕಿ ಫ್ಲಶ್. ಪಂಚನಾಮೆ ಒಂದೇ ಸಾಲು: ‘ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲ.’

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಮೀನು ಕೊಳ್ಳೋವಾಗ ಬೆಲೆ ಚೌಕಾಸಿ ಮುಗಿದ ಮೇಲೆ ಇನ್ನೊಂದು ಮಾತು ಕೇಳಿ: ‘ನಿಮ್ಮ ತೊಟ್ಟಿಗೆ ಯಾವ ನೀರು, ಕಾವೇರಿನೋ ಬೋರೋ?’ ನಾಳೆ ನಾನು ಒಂದಡಿ ಬೆಳೆದು ಜಾಗ ಸಾಲದಾದರೆ ಅಂಗಡಿಯವರಿಗೇ ವಾಪಸ್ ಕೊಡಿ. ಪಾಪ ಅಂತ ಕೆರೆಗೆ ಮಾತ್ರ ಬಿಡಬೇಡಿ. ಅಲ್ಲಿ ಎಂಥ ನೀರಿದ್ದರೂ ನಾನು ಬದುಕಿಕೊಳ್ತೀನಿ, ಅಲ್ಲಿನ ಮೀನುಗಳಿಗೆ ಕಷ್ಟ.