ಬಾರೋ ಸರ್

ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ಟ್ಯೂಷನ್ ಹೇಳುವ ಈ ಇಂಗ್ಲಿಷ್ ಮಾಸ್ತರರಿಗೆ ಹುಡುಗರಿಟ್ಟ ಹೆಸರು ‘ಬಾರೋ ಸರ್’. ಗುರುಗಳನ್ನು ‘ಬಾರೋ’ ಅಂದೂ ಏಟು ತಿನ್ನದ ಭಾಗ್ಯ ಇನ್ಯಾವ ಊರಿನ ಹುಡುಗರಿಗಿದೆ?

ಬಾರೋ, ಲೆಂಡ್ ಎರಡನ್ನೂ ಅದಲುಬದಲು ಮಾಡಿದವನು ಇವರ ಕೈಗೆ ಸಿಕ್ಕರೆ ಮುಗಿಯಿತು. ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದಾಗ ಶುರುವಾದ ಪಾಠ ರಾಜೇಶ್ವರ ದಾಟಿದರೂ ನಿಲ್ಲದು.

“ನಾ ನಿಮ್ ಕಡಿಂದ ನೂರು ರೂಪಾಯಿ ಇಸ್ಕೊಂಡ್ರ ಬಾರೋ. ನೀವು ನನಗ ಕೊಟ್ರ ಲೆಂಡ್. ಬಾರೋ ಜೋಡಿ ‘ಫ್ರಂ’, ಲೆಂಡ್ ಜೋಡಿ ‘ಟು’. ಮತ್ತ, ಎತ್ತಿ ಒಯ್ಯೋ ಸಾಮಾನಿಗಷ್ಟೇ ಬಾರೋ. ಮಂದಿ ಮನಿ ಸಂಡಾಸಕ್ಕ ‘ಯೂಸ್’ ಅನ್ಬೇಕ್ರಿ.”

ಯಾವ ಉದಾಹರಣೆ ಕೊಟ್ಟರೂ ಇಸ್ಕೊಳ್ಳುವವರು ಇವರೇ. ವಿವರಣೆಗೆಂದು ಪಡೆದ ಪೆನ್ನು ಇವರ ಜೇಬಲ್ಲೇ ಇಳಿಯುತ್ತದೆ. ಅಲ್ಲಿ ಆಗಲೇ ಮೂರಿವೆ: ಒಂದರ ಮೇಲೆ ಸಹಕಾರಿ ಬ್ಯಾಂಕು, ಒಂದರ ಮೇಲೆ ಕೆಮ್ಮಿನ ಔಷಧ, ಇನ್ನೊಂದಕ್ಕೆ ನೀಲಿ ಮೈ, ಕೆಂಪು ಟೊಪ್ಪಿಗೆ. ವೀರಭದ್ರೇಶ್ವರ ಜಾತ್ರೆಯ ಚಳಿಗೆ ಇಸ್ಕೊಂಡ ಸ್ವೆಟರ್ ಬೇಸಿಗೆಯಲ್ಲೂ ಮೈಮೇಲಿದೆ.

“ನಮ್ಮಲ್ಲಿ ಉದ್ರಿ ಕೊಡ್ತೀವಿ, ಉದ್ರಿ ತರ್ತೀವಿ. ಒಂದೇ ಶಬ್ದದಾಗ ಸಂಸಾರ ನಡದದಲ್ರಿ” ಎಂದ ಕಿರಾಣಿ ಅಂಗಡಿಯವ.

“ಅದಕ್ಕೇ ನಮ್ ಮಂದಿಗೆ ಕೊಟ್ಟವ್ರು ಯಾರು, ತಗೊಂಡವ್ರು ಯಾರು ನೆನಪಿರಂಗಿಲ್ಲ!”

ಸರ್ ಅವರಿಗೆ ಊರಿನ ಅಭಿಮಾನವೂ ಕಡಿಮೆಯಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಇದೇ ಕಲ್ಯಾಣದಲ್ಲಿ. ಸಾಲ, ಬಡ್ಡಿ, ಜಾಮೀನು, ಒತ್ತೆ ಎಲ್ಲದರ ಲೆಕ್ಕ ಅದರಲ್ಲಿದೆ. ಅಪ್ಪ ತೀರಿಸದೆ ಹೋದ ಸಾಲ ಮಗನಿಗೆ, ಮೊಮ್ಮಗನಿಗೂ ತಗಲುತ್ತದೆ ಎಂಬ ಭಾಗವನ್ನು ಇವರು ಎದೆಯುಬ್ಬಿಸಿ ಹೇಳುವಾಗ ಮಗರಾಯ ಮಾತ್ರ ಮೆಲ್ಲನೆ ಎದ್ದು ಹೊರಗೆ ಹೋಗುತ್ತಾನೆ.

ಪಾಠ ಚೆನ್ನಾಗಿ ಹತ್ತಿದ್ದು ಆಟೋ ನಗರದ ಲಾರಿ ಮೇಸ್ತ್ರಿಗೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡ ನಿಂತು ಕೇಳಿದ: “ಸರ್, ನನ್ ಪಾನಾ ಬಾರೋ ಮಾಡಿ ವರ್ಷ ಆತು. ಫ್ರಂ ಮೀ!”

ಸರ್ ಮುಖ ಅರಳಿತು. “ಫ್ರಂ ಬರೋಬ್ಬರಿ ಹಚ್ಚಿದಿ, ಶಾಬ್ಬಾಸ್! ಆದ್ರ ವರ್ಷದ ಹಿಂದಿಂದು ಬಾರೋ ಅಲ್ಲೋ, ಬಾರೋಡ್. ಪಾಸ್ಟ್ ಟೆನ್ಸ್. ಮುಗದ ಹೋದ ಕ್ರಿಯಾ.”