ಈಕೋಆರ್‌ಒನ್ ಕತ್ತರಿ: ಬಳಕೆದಾರರ ಕೈಪಿಡಿ

ಗ್ರಾಹಕರೇ, ಕತ್ತರಿಯೆಂಬ ಈ ಕಿಣ್ವದ ಮೂಲ ತಯಾರಕರು ಇ. ಕೋಲಿ ಬ್ಯಾಕ್ಟೀರಿಯಾಗಳು. ಒಳನುಗ್ಗುವ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸಲು ಮಾಡಿಕೊಂಡ ಆಯುಧವಿದು. ನಿಮ್ಮ ಪ್ರಯೋಗಾಲಯ ಅವರ ಲೆಕ್ಕದಲ್ಲೇ ಇರಲಿಲ್ಲ. ದೂರುಗಳನ್ನು ಅತ್ತ ಕಳಿಸಬೇಡಿ.

ಟ್ಯೂಬನ್ನು ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ತೆಗೆದು ಐಸ್ ಮೇಲಿಡಿ. ಮೇಜಿನ ಮೇಲೆ ಮರೆತು ಕಾಫಿಗೆ ಹೋಗುವವರಿಗೆ ವಾರಂಟಿ ಇಲ್ಲ. ನೀರು, ಬಫರ್, ಡಿಎನ್‌ಎ ಬೆರೆಸಿ, ಕಿಣ್ವವನ್ನು ಕೊನೆಗೆ ಹಾಕಿ, 37 ಡಿಗ್ರಿಯಲ್ಲಿಡಿ. ಬಫರಿನಲ್ಲಿ ಮೆಗ್ನೀಸಿಯಂ ಇಲ್ಲದಿದ್ದರೆ ಕತ್ತರಿ ಡಿಎನ್‌ಎಯನ್ನು ಹಿಡಿದು ಕೂರುತ್ತದೆ, ಕಡಿಯುವುದಿಲ್ಲ.

ಎಲ್ಲಿ ಕಡಿಯಬೇಕೆಂದು ನೀವು ಹೇಳುವ ಹಾಗಿಲ್ಲ. ಇದಕ್ಕೆ ಓದಲು ಬರುವುದು ಒಂದೇ ಪದ: ಜಿ-ಎ-ಎ-ಟಿ-ಟಿ-ಸಿ. ಎದುರು ಎಳೆಯಲ್ಲಿ ಆ ಕಡೆಯಿಂದ ಓದಿದರೂ ಅದೇ ಆರು ಅಕ್ಷರ. ಇಂಥದ್ದು ಸರಾಸರಿ 4,096 ಅಕ್ಷರಕ್ಕೊಮ್ಮೆ ಸಿಗಬೇಕೆಂಬುದು ಕಾಗದದ ಲೆಕ್ಕ. ನಿಮಗೆ ಬೇಕಾದ ಜೀನಿನ ನಡುವೆಯೇ ಅದು ಕೂತಿದ್ದರೆ ಜೀನೂ ಎರಡು ತುಂಡು, ಮೊದಲೇ ನೋಡಿಕೊಳ್ಳಿ. ಎರಡೂ ಎಳೆಗಳಲ್ಲಿ ಜಿ ಮತ್ತು ಎ ನಡುವೆ ಕಡಿಯುವುದರಿಂದ ಕಡಿತ ನೇರವಾಗಿರದು. ತುದಿಗಳಲ್ಲಿ ಎ-ಎ-ಟಿ-ಟಿ ಎಂಬ ಒಂಟಿ ಎಳೆ ಚಾಚಿಕೊಳ್ಳುತ್ತದೆ. ಇದು ದೋಷವಲ್ಲ, ಕಾಸು ಕೊಟ್ಟಿದ್ದೇ ಇದಕ್ಕೆ. ಇದೇ ಕತ್ತರಿ ಕಡಿದ ಇನ್ನಾವ ತುದಿಯಾದರೂ, ಕಪ್ಪೆಯದೋ ಮನುಷ್ಯನದೋ, ಇಲ್ಲಿ ಬಂದು ಅಂಟುತ್ತದೆ. ಜಾತಿಗೋತ್ರದ ವಿಚಾರಣೆ ಇಲ್ಲ. ಕಾಯಂ ಬೆಸುಗೆಗೆ ಲೈಗೇಸ್ ಬೇಕು, ಅದನ್ನು ಬೇರೆಯಾಗಿ ಕೊಳ್ಳಿ.

ಇದಿಷ್ಟರಿಂದ ಏನಾದೀತು ಎನ್ನುವವರು 1973ರಲ್ಲಿ ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬೋಯರ್ ಮತ್ತು ಸಂಗಡಿಗರು ಮಾಡಿದ್ದನ್ನು ನೋಡಬೇಕು. ಪಿಎಸ್‌ಸಿ101 ಎಂಬ ಪ್ಲಾಸ್ಮಿಡ್ಡಿನಲ್ಲಿ, ಅಂದರೆ ಬ್ಯಾಕ್ಟೀರಿಯಾದೊಳಗಿನ ಡಿಎನ್‌ಎ ಉಂಗುರದಲ್ಲಿ, ಈ ಪದ ಇದ್ದದ್ದು ಒಂದೇ ಕಡೆ. ಉಂಗುರ ಅಲ್ಲಷ್ಟೇ ತೆರೆಯಿತು. ಕ್ಯಾನಮೈಸಿನ್ ತಡೆಯುವ ಜೀನನ್ನು ಇನ್ನೊಂದು ಪ್ಲಾಸ್ಮಿಡ್ಡಿನಿಂದ ತಂದು ಅದರೊಳಗೆ ಬೆಸೆದು, ಬ್ಯಾಕ್ಟೀರಿಯಾಗಳ ಹೊಟ್ಟೆಗೆ ಸೇರಿಸಿದರು. ಪಿಎಸ್‌ಸಿ101 ತಾನೇ ಟೆಟ್ರಾಸೈಕ್ಲಿನ್ ತಡೆಯುವಂಥದ್ದು. ಎರಡೂ ಔಷಧ ಬೆರೆಸಿದ ತಟ್ಟೆಯಲ್ಲಿ ಎರಡೂ ಜೀನು ಹೊತ್ತವು ಉಳಿದವು. ಅವು ಒಡೆದು ಎರಡಾದಾಗಲೆಲ್ಲ ಹೊರಗಿನ ಜೀನಿನ ಪ್ರತಿಯೂ ತಯಾರಾಯಿತು. ಜೀನ್ ಕ್ಲೋನಿಂಗ್ ಎಂದರೆ ಇದೇ. ಮರುವರ್ಷವೇ ಕಪ್ಪೆಯ ಜೀನು ಬ್ಯಾಕ್ಟೀರಿಯಾದೊಳಗೆ ಕೂತಿತು.

ತೊಂದರೆಗಳು. ಉಂಗುರ ಜೀನನ್ನು ಸೇರಿಸಿಕೊಳ್ಳದೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿದೆಯೆ? ಫಾಸ್ಫಟೇಸ್ ಹಾಕಿ ಅದರ ತುದಿಯ ಫಾಸ್ಫೇಟ್ ಕೀಳಿಸಿ. ಕಂಡಕಂಡಲ್ಲಿ ಕಡಿಯುತ್ತಿದೆಯೆ? ಕಿಣ್ವದ ಜತೆ ಬರುವ ಗ್ಲಿಸರಾಲ್ ಹೆಚ್ಚಾಗಿದೆ. ಮಿಶ್ರಣದಲ್ಲಿ ಕಿಣ್ವ ಹತ್ತನೇ ಒಂದು ಪಾಲು ಮೀರದಿರಲಿ. ಇನ್ನು, ತಯಾರಕರ ಸ್ವಂತ ಡಿಎನ್‌ಎ ಮೇಲೆ ಪ್ರಯೋಗಿಸಿ ಕತ್ತರಿ ಮೊಂಡು ಎನ್ನಬೇಡಿ. ಅವರು ಆ ಪದಗಳಿಗೆಲ್ಲ ಕತ್ತರಿ ಕಡಿಯದಂತೆ ಮೊದಲೇ ಮೀಥೈಲ್ ತೊಡಿಸಿಟ್ಟಿದ್ದಾರೆ.

ಲೈಗೇಸ್ ಹಾಕುವ ಮುನ್ನ 65 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಕತ್ತರಿಯನ್ನು ಕೊಲ್ಲಿ. ಇಲ್ಲವಾದರೆ ಲೈಗೇಸ್ ಬೆಸೆದದ್ದನ್ನೆಲ್ಲ ಅದು ಮತ್ತೆ ಕಡಿಯುತ್ತಲೇ ಇರುತ್ತದೆ.