ಮೀಸೆಯಿರುವ ಎಲೆ

ಸಾಲ ಕೊಟ್ಟವನು ಬೀದಿಯ ತುದಿಯಲ್ಲಿ ಕಂಡರೆ ನಮ್ಮಂಥವರು ಅಡ್ಡರಸ್ತೆ ಹಿಡಿಯುತ್ತೇವೆ. ಮೊಲ ಪೊದೆಗೆ ನುಗ್ಗುತ್ತದೆ, ಏಡಿ ಬಿಲಕ್ಕಿಳಿಯುತ್ತದೆ. ತಲೆತಪ್ಪಿಸಿಕೊಳ್ಳಲು ಕಾಲು ಗಟ್ಟಿಯಿರಬೇಕು ಎಂಬುದು ಲೋಕರೂಢಿ. ಪಶ್ಚಿಮಘಟ್ಟದ ಕಪ್ಪೆಬಾಯಿ ಹಕ್ಕಿ ಮಾತ್ರ ಕಣ್ಣೆದುರಿಗೇ ಕೂತು ತಲೆತಪ್ಪಿಸಿಕೊಳ್ಳುತ್ತದೆ.

ದಾಂಡೇಲಿ, ಗಣೇಶಗುಡಿಯ ಕಾಡುಗಳಲ್ಲಿ ಹಕ್ಕಿ ತೋರಿಸುವ ಹುಡುಗರಿದ್ದಾರೆ. "ಅಲ್ಲೇ ಅದ ನೋಡ್ರಿ ಸರ್, ಆ ಒಣಾ ಎಲಿ ಬಾಜೂಕ" ಎಂದು ಒಬ್ಬ ಬೆರಳು ಚಾಚಿದ. ನೋಡಿದರೆ ಬಳ್ಳಿಯ ತುಂಬ ಒಣ ಎಲೆಗಳೇ.

"ಯಾವ ಎಲೆಯಪ್ಪಾ?"

"ಮೀಸಿ ಇರೂ ಎಲಿ, ಸರ್."

ಆಗ ಕಂಡಿತು. ಅಗಲ ಬಾಯಿಯ ಸುತ್ತ ಬಿರುಸು ರೋಮ, ಒಟ್ಟು ಉದ್ದ 23 ಸೆಂಟಿಮೀಟರ್ ಇದ್ದೀತು. ಬೂದು ಬಣ್ಣದ ಗಂಡು, ಅದರ ಮಗ್ಗುಲಿಗೆ ಒತ್ತಿಕೊಂಡು ಕಂದುಗೆಂಪಿನ ಹೆಣ್ಣು. ನಾವು ಒಂದು ಹೆಜ್ಜೆ ಮುಂದಿಟ್ಟೆವು. ಹಾರುವುದಿರಲಿ, ಎರಡೂ ನಿಧಾನವಾಗಿ ಕೊಕ್ಕನ್ನು ಆಕಾಶಕ್ಕೆತ್ತಿ, ಕಣ್ಣನ್ನು ಸೀಳಿನಷ್ಟು ಕಿರಿದು ಮಾಡಿ, ಮುರಿದ ಕೊಂಬೆಗಳಾಗಿಬಿಟ್ಟವು. ಕಂಡಕ್ಟರ್ ಹತ್ತಿರ ಬಂದೊಡನೆ ಗಾಢನಿದ್ರೆಗೆ ಜಾರುವ ಪ್ರಯಾಣಿಕನೂ ಇಷ್ಟು ಚೆನ್ನಾಗಿ ನಟಿಸಲಾರ.

ಎಡ್ವರ್ಡ್ ಬ್ಲೈತ್ 1849ರಲ್ಲೇ ಇದಕ್ಕೊಂದು ವೈಜ್ಞಾನಿಕ ಹೆಸರಿಟ್ಟ. ಹೆಸರು ಬಂತೆಂದು ಇದೇನೂ ಮುಂದೆ ಬಂದು ಮುಖ ತೋರಿಸಲಿಲ್ಲ. ಈ ಘಟ್ಟಸಾಲು ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಅಡಗಲು ರೆಕ್ಕೆಗಿಂತ ನೆರೆಹೊರೆ ಮುಖ್ಯ. ಒಣ ಎಲೆಯ ವೇಷ ಹಾಕಿದವನಿಗೆ ಸುತ್ತ ಒಣ ಎಲೆಗಳಿರುವ ದಟ್ಟ ಕಾಡು ಬೇಕು. ಪೊದೆ ಸವರಿ, ನೆಲ ಗುಡಿಸಿ ಕಾಡನ್ನು ಚೊಕ್ಕಟ ಮಾಡಿದರೆ ಪಾಪ, ವೇಷಧಾರಿಗೆ ರಂಗಸ್ಥಳವೇ ಇಲ್ಲ.

ಹಗಲೆಲ್ಲ ಮೌನವ್ರತ, ಮುಸ್ಸಂಜೆಯಾದೊಡನೆ ವ್ರತಭಂಗ. ಹೆಣ್ಣಿನ ಕರ್ಕಶ ಕೂಗು ಮೇಲಿನಿಂದ ಕೆಳಕ್ಕೆ ಜಾರುತ್ತ ಕೇಳುತ್ತದೆ, ದೊಡ್ಡ ಬಾಯಿಗಳಿಗೆ ಪತಂಗ, ಜೀರುಂಡೆಗಳ ಊಟ ಶುರುವಾಗುತ್ತದೆ.

ಬೇಸಿಗೆ ಹತ್ತಿರವಾದಾಗ ಕವಲುಕೊಂಬೆಯ ಮೇಲೆ ಪುಟ್ಟ ಗೂಡು. ಒಳಗೆ ಪಾಚಿ ಮತ್ತು ಸ್ವಂತ ಮೈಯ ಪುಕ್ಕ, ಹೊರಗೆ ಕಲ್ಲುಹೂವು, ತೊಗಟೆಚೂರಿನ ಗಿಲಾವು. ಅದರಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ಹಗಲಿನ ಕಾವು ಗಂಡಿನ ಪಾಳಿ, ರಾತ್ರಿಯದು ಹೆಣ್ಣಿನದು. ಹೇಗಿದ್ದರೂ ಹಗಲು ತೂಕಡಿಸುವ ಮಹಾಶಯ; ಮೊಟ್ಟೆಯ ಮೇಲೆ ಕೂತು ತೂಕಡಿಸಿದರೆ ಅಷ್ಟರಮಟ್ಟಿಗೆ ಗೃಹಕೃತ್ಯವೂ ಆಯಿತು! ನಮ್ಮಲ್ಲಿ ಕೆಲವರ ಮಧ್ಯಾಹ್ನದ ನಿದ್ದೆಗೆ ಈ ಸಮರ್ಥನೆಯೂ ಇಲ್ಲ.

ಮರಿ ಗೂಡು ಬಿಟ್ಟ ಮೇಲೆ ಗಂಡು ಆ ಗೂಡನ್ನೇ ಕಿತ್ತುಹಾಕುವುದನ್ನು ಕೇರಳದ ಪಕ್ಷಿತಜ್ಞರು ಕಂಡಿದ್ದಾರೆ. ಬೇಟೆಗಾರರಿಗೆ ಸುಳಿವು ಸಿಗದಿರಲೆಂದು ಇರಬಹುದು. ನನಗೆ ಮಾತ್ರ ಅದರಲ್ಲಿ ದೊಡ್ಡ ಲೌಕಿಕ ಜಾಣ್ಮೆ ಕಾಣುತ್ತದೆ. ಹಿರಿಯರು ಕಟ್ಟಿದ ಮನೆಗಾಗಿ ಮೂರು ತಲೆಮಾರು ಕೋರ್ಟು ಅಲೆಯುವ ನಮ್ಮ ನಡುವೆ, ಈ ಒಬ್ಬ ಅಪ್ಪನ ಆಸ್ತಿಗೆ ಪಹಣಿಯೇ ಇಲ್ಲ, ಪಾಲು ಕೇಳೋಣವೆಂದರೆ ಮರಿಗೆ ಒಡಹುಟ್ಟಿದವರೂ ಇಲ್ಲ.